ಐದನೆಯ ಮಹಡಿಯ ಕಾರೇ

ಫ್ರಾನ್ಸಿನ ಲಿಯೋನ್ ಊರಿನವರು ಮಾತಿನಲ್ಲಿ ಮಹಾ ಜಿಪುಣರು. ಚೌಕವಾಗಿ ಕಂಡದ್ದಕ್ಕೆಲ್ಲ 'ಕಾರೇ' ಎಂದು ಒಂದೇ ಹೆಸರಿಟ್ಟು ಕೈ ತೊಳೆದುಕೊಂಡಿದ್ದಾರೆ. ಹೆಂಗಸರು ಕುತ್ತಿಗೆಗೆ ಕಟ್ಟುವ ರೇಷ್ಮೆಯ ಚೌಕ ಕಾರೇ. ಮೆಟ್ಟಿಲು ಹತ್ತಿ ಬಂದರೆ ಎದುರುಬದುರು ಬಾಗಿಲುಗಳ ನಡುವೆ ಸಿಗುವ ಅಂಗೈಯಗಲ ಜಾಗವೂ ಕಾರೇ. ಈಸ್ಟರ್ ಹಬ್ಬಕ್ಕೆ ಒಲೆ ಸೇರುವ ಕುರಿಮರಿಯ ಪಕ್ಕೆಲುಬು, ಸೊಪ್ಪು ಬೆಳೆಯುವ ಮಡಿ, ಕೊನೆಗೆ ಸ್ಮಶಾನದಲ್ಲಿ ನಂಬರು ಹಾಕಿದ ಒಂದು ಭಾಗ, ಎಲ್ಲವೂ ಅದೇ. ಫೆರ್ನಾಂದ್ ಶವಾಸ್ಯೂ ತನ್ನ ಎಪ್ಪತ್ತೊಂದು ವರ್ಷಗಳಲ್ಲಿ ಹೆಚ್ಚಿನ ಪಾಲನ್ನು ಮೊದಲಿನ ಎರಡರಲ್ಲೇ ಕಳೆದಳು.

ರೇಷ್ಮೆಯ ಅಂಚನ್ನು ಬೆರಳ ತುದಿಯಲ್ಲಿ ಸುರುಳಿ ಸುತ್ತಿ, ಕಣ್ಣಿಗೆ ಕಾಣದ ಹಾಗೆ ಹೊಲಿಯುವುದು ಅವಳ ಕಸುಬು. ಯಂತ್ರದಲ್ಲಿ ಹೊಲಿದರೆ ಅಂಚು ಚಪ್ಪಟೆಯಾಗುತ್ತದೆ. ಕೈಯಲ್ಲಿ ಹೊಲಿದರೆ ಮಾತ್ರ ದುಂಡಗೆ ನಿಲ್ಲುತ್ತದೆ. ನಾಲ್ಕು ಅಂಚುಗಳನ್ನು ಯಾರಾದರೂ ಕಲಿತಾರು, ನಾಲ್ಕು ಮೂಲೆಗಳೇ ಪ್ರಾಣ ತಿನ್ನುವುದು. ಮೂಲೆ ಚೂಪಾಗಿ ನಿಲ್ಲಬೇಕು, ಗಂಟು ಕಟ್ಟಬಾರದು. ಮೂಲೆ ಕೆಟ್ಟರೆ ಇಡೀ ಚೌಕ ಕೆಟ್ಟಂತೆ.

ಗುರುವಾರ ಬೆಳಿಗ್ಗೆ ಅವಳು, ಕಾರ್ಖಾನೆಯವರು ಬೇಗ ಬಂದರೂ ಸಿಗಲೆಂದು, ಮುಗಿದ ಚೌಕಗಳ ಚೀಲವನ್ನು ಹೊರಬಾಗಿಲ ಹಿಡಿಗೆ ನೇತುಹಾಕಿ ಸಂತೆಗೆ ಹೋಗುವಳು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯ ಎಮೀಲ್ ತೊಂಬತ್ತೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬರುವನು. ಹೊಸ ಕಟ್ಟು ಕೊಟ್ಟು, ನಿಂತೇ ಕಾಫಿ ಕುಡಿದು, ಮಂಡಿನೋವಿನ ಪುರಾಣ ಹೇಳಿ, ಚೀಲ ತೆಗೆದುಕೊಂಡು ಇಳಿಯುವನು. ಗಂಡ ಸತ್ತು ಹತ್ತೊಂಬತ್ತು ವರ್ಷ, ಮಕ್ಕಳಿಲ್ಲ. ಆ ಮೆಟ್ಟಿಲುಗಳನ್ನು ಅವಳಿಗಾಗಿ ಹತ್ತುವವನು ಎಮೀಲ್ ಒಬ್ಬನೇ. ಆದ್ದರಿಂದಲೇ ಕಣ್ಣು ಮಂಜಾಗುತ್ತಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ. ಕೆಲಸ ನಿಂತರೆ ಎಮೀಲ್ ಬರುವುದಿಲ್ಲ, ಎಮೀಲ್ ಬಾರದಿದ್ದರೆ ಇನ್ನು ಯಾರೂ ಬರುವುದಿಲ್ಲ.

ಎದುರು ಬಾಗಿಲಿನವಳು ಕ್ಲೊತಿಲ್ಡ್. ಒಂದು ಕಾಲದಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಹೊಲಿದವರು. ಕ್ಲೊತಿಲ್ಡ್ ಎಡಚಿ, ಅವಳ ಮೂಲೆಗಳ ಮುಂದೆ ಉಳಿದವರದ್ದೆಲ್ಲ ಬರೀ ಹೊಲಿಗೆ. ಒಮ್ಮೆ ಅವಳು ಹೊಲಿದ ಚೌಕವೊಂದು ಪ್ಯಾರಿಸ್ಸಿನ ಪ್ರದರ್ಶನಕ್ಕೆ ಆಯ್ಕೆಯಾಯಿತು. "ಇದು ನಿಮ್ದೇ ಅಲ್ವಾ ಫೆರ್ನಾಂದ್?" ಎಂದು ಮೇಲ್ವಿಚಾರಕಿ ಮದಾಂ ವೆರ್ನೇ ಎಲ್ಲರೆದುರು ಕೇಳಿದಾಗ ಫೆರ್ನಾಂದ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಮ್ಮನೆ ನಕ್ಕಳು. ಆ ನಗುವಿಗೆ ಇಪ್ಪತ್ತೆರಡು ವರ್ಷಗಳ ಮೌನ ಸಿಕ್ಕಿತು.

ಇಬ್ಬರೂ ಮೆಟ್ಟಿಲ ಮೇಲಿನ ಕಾರೇಯನ್ನೂ ಪಾಲು ಮಾಡಿಕೊಂಡರು. ನೆಲದ ಕೆಂಪು ಹೆಂಚುಗಳ ನಡುವಿನ ಒಂದು ಬಿರುಕೇ ಗಡಿ. ಫೆರ್ನಾಂದ್ ಶನಿವಾರ ಒದ್ದೆಬಟ್ಟೆ ಹಿಡಿದು ತನ್ನರ್ಧ ಒರೆಸಿ ಬಿರುಕಿನ ಬಳಿ ನಿಲ್ಲುವಳು. ಆಗ ಎದುರು ಬಾಗಿಲ ಹಿಂದಿನಿಂದ, ಗಾಳಿಗೆ ಹೇಳಿದ ಹಾಗೆ, ಒಂದು ಮಾತು ತೂರಿ ಬರುತ್ತಿತ್ತು:

"ಮೂಲೆ ಬಿಟ್ಳು!"

ಫೆರ್ನಾಂದ್ ಹಲ್ಲು ಕಡಿಯುತ್ತಾ ಬಗ್ಗಿ ಮೂಲೆ ಒರೆಸುವಳು. ಇಪ್ಪತ್ತೆರಡು ವರ್ಷಗಳಲ್ಲಿ ಅವರಿಬ್ಬರ ನಡುವೆ ಆದ ಮಾತುಕತೆ ಇಷ್ಟೇ. ಈಚೆಗೆ ಎರಡು ವರ್ಷದಿಂದ ಆ ಮಾತು ಪ್ರತಿ ಶನಿವಾರವೂ ತಪ್ಪದೆ ಬರುತ್ತಿತ್ತು.

ಅಕ್ಟೋಬರಿನಲ್ಲಿ ಕ್ಲೊತಿಲ್ಡ್ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಫೆರ್ನಾಂದ್ ನೋಡಲು ಹೋಗಬೇಕಿತ್ತು, ಹೋಗಲಿಲ್ಲ. ಮೂರು ವಾರಕ್ಕೆ ಸುದ್ದಿ ಬಂತು. ಸ್ಮಶಾನದ ಹದಿನಾಲ್ಕನೆಯ ಕಾರೇಯಲ್ಲಿ ನಾಲ್ಕೇ ಜನ ನಿಂತಿದ್ದರು, ಫೆರ್ನಾಂದ್ ಎಲ್ಲರಿಗಿಂತ ಹಿಂದೆ.

ಮುಂದಿನ ಗುರುವಾರ ಎಮೀಲ್ ಕಾಫಿ ಬೇಡವೆಂದ.

"ಇಡೀ ಕಟ್ಟು ವಾಪಸ್ ಬಂದಿದೆ ಮದಾಂ ಶವಾಸ್ಯೂ. ವೆರ್ನೇ ಅವರು ನಿಮ್ಮನ್ನ ನೋಡ್ಬೇಕಂತೆ."

ಮರುದಿನ ಅವಳು ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು ಹೋದಳು. ಮದಾಂ ವೆರ್ನೇಗೂ ಈಗ ಕೂದಲು ನೆರೆತಿತ್ತು. ಮೇಜಿನ ಮೇಲೆ ಎರಡು ಚೌಕ ಹರಡಿದಳು.

"ಇದು ಸೆಪ್ಟೆಂಬರಿಂದು, ಇದು ಹೋದ ವಾರದ್ದು. ಎರಡರ ಮೇಲೂ ನಿಮ್ದೇ ಚೀಟಿ. ಏನಾಯ್ತು ನಿಮ್ಗೆ? ಅಂಚೇನೋ ಪರವಾಗಿಲ್ಲ, ಮೂಲೆ ನೋಡಿ, ಇಲಿ ಕಚ್ಚಿದ ಹಾಗಿದೆ."

ಫೆರ್ನಾಂದ್ ಕಣ್ಣನ್ನು ನಂಬದೆ ಸೆಪ್ಟೆಂಬರಿನ ಚೌಕದ ಮೂಲೆಯ ಮೇಲೆ ಉಗುರಾಡಿಸಿದಳು. ಹೊಲಿಗೆ ಎಡಕ್ಕೆ ವಾಲಿತ್ತು. ಎರಡನೆಯ ಮೂಲೆ ಮುಟ್ಟಿದಳು, ಮೂರನೆಯದು, ನಾಲ್ಕನೆಯದು. ಗುರುವಾರದ ಬೆಳಗುಗಳು ನೆನಪಾದವು. ತಾನು ಸಂತೆಯಲ್ಲಿ, ಚೀಲ ಬಾಗಿಲ ಹಿಡಿಯಲ್ಲಿ, ಎದುರು ಮನೆಯಲ್ಲಿ ಕೆಟ್ಟ ಮೂಲೆ ಬಿಚ್ಚಿ ಹೊಲಿಯುವ ಆ ಎಡಗೈ. ನೆಲ ಒರೆಸುವಾಗ ಮೂಲೆ ಕಾಣದವಳಿಗೆ ರೇಷ್ಮೆಯ ಮೂಲೆ ಕಂಡೀತೇ ಎಂದು ಆ ಘಾಟಿ ಹೆಂಗಸು ಬಾಗಿಲ ಹಿಂದೆ ನಿಂತೇ ಲೆಕ್ಕ ಹಾಕಿದ್ದಳು. ಫೆರ್ನಾಂದಳಿಗೆ ನಾಚಿಕೆಯಾಯಿತು.

"ಕನ್ನಡಕ ಬದಲಾಯ್ಸಿ, ಒಂದ್ ತಿಂಗ್ಳು ರೆಸ್ಟ್ ತಗೊಳ್ಳಿ," ಎಂದಳು ವೆರ್ನೇ ಮೆಲ್ಲಗೆ. "ಇಂಥ ಮೂಲೆ ಹಾಕೋ ಕೈನ ಯಾರು ಬಿಟ್ಕೊಡ್ತಾರೆ? ಇದು ನಿಮ್ದೇ ಅಲ್ವಾ?"

ತಲೆಯಾಡಿಸಿದ್ದರೆ ಸಾಕಿತ್ತು. ಒಂದಷ್ಟು ದಿನವಾದರೂ ಎಮೀಲ್ ಬರುತ್ತಿದ್ದ.

"ಅಲ್ಲ," ಎಂದಳು ಫೆರ್ನಾಂದ್. "ಕ್ಲೊತಿಲ್ಡ್‌ದು. ಆವತ್ತು ಪ್ಯಾರಿಸ್‌ಗೆ ಹೋಯ್ತಲ್ಲ, ಅದೂ ಅವಳ್ದೇ."

"ಅಯ್ಯೋ, ಅದ್ಯಾವ ಕಾಲದ ಮಾತು! ಈಗ್ಯಾಕೆ ಹೇಳ್ತಿದ್ದೀರಾ?"

"ಆವತ್ತೂ ನೀವು ಕೇಳಿದ್ರಿ. ನಾನೇ ಬಾಯಿ ಬಿಡ್ಲಿಲ್ಲ."

ವೆರ್ನೇ ಎರಡೂ ಚೌಕ ಮಡಿಸಿಟ್ಟಳು. ಮುಂದಿನ ಗುರುವಾರ ಮೆಟ್ಟಿಲ ಮೇಲೆ ಏದುಸಿರು ಕೇಳಲಿಲ್ಲ, ಅದರ ಮುಂದಿನದರಲ್ಲೂ ಇಲ್ಲ.

ಶನಿವಾರ ಫೆರ್ನಾಂದ್ ಬಕೆಟ್ಟು ಹೊರಗಿಟ್ಟಳು. ತನ್ನರ್ಧ ಒರೆಸಿ, ಅಭ್ಯಾಸಬಲದಿಂದ ಬಿರುಕಿನ ಬಳಿ ನಿಂತಳು. ಆಮೇಲೆ ಗಡಿ ದಾಟಿ, ಮಂಡಿಯೂರಿ, ಎದುರು ಹೊಸ್ತಿಲವರೆಗೂ ಒಂದೊಂದೇ ಹೆಂಚು ತಡವಿ ಒರೆಸಿದಳು. ಬಾಗಿಲ ಪಕ್ಕದ ಒಂದು ಮೂಲೆಯನ್ನು ಮಾತ್ರ ಬೇಕೆಂತಲೇ ಒರೆಸದೆ ಹಾಗೇ ಬಿಟ್ಟಳು.

ಒದ್ದೆಬಟ್ಟೆ ಕೈಯಲ್ಲಿ ಹಿಡಿದು, ಬಾಗಿಲಿಗೆ ಕಿವಿಗೊಟ್ಟು, ನೆಲ ಪೂರಾ ಆರುವವರೆಗೆ ಅಲ್ಲೇ ಕೂತಿದ್ದಳು.