ಮುಂದಿನ ತಂತಿಯ ಮೂರು ಅಂಗುಲ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹೊಲಿಗೆ ಅಂಗಡಿಯ ಒಡತಿ ತನ್ನ ಪುಟ್ಟ ಹಾಯಿದೋಣಿಯಲ್ಲಿ ಕುಳಿತು, ಚುಕ್ಕಾಣಿಯ ಹಿಡಿಯನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಳ್ಳುತ್ತಿದ್ದಳು. ದೋಣಿ ಮಾತ್ರ ಹಟಕ್ಕೆ ಬಿದ್ದು ಗಾಳಿ ಬೀಸಿ ಬರುವ ಕಡೆಗೇ ಮೂತಿ ತಿರುಗಿಸುತ್ತಿತ್ತು. ಹೋದ ವರ್ಷ ಮೆಟ್ಟಿಲ ಮೇಲೆ ಬಿದ್ದು ಮುರಿದಿದ್ದ ಬಲತೋಳು ಕೂಡಿಕೊಂಡಿತ್ತೇನೋ ನಿಜ, ಆದರೆ ಕಾಲು ಗಂಟೆಯಲ್ಲಿ ಕೈಕೊಟ್ಟಿತು.

"ಸಾಕಾಯ್ತು. ಮಾರಿಬಿಡ್ತೀನಿ ಇದನ್ನ," ಎಂದಳು ದಡ ಸೇರಿದವಳೇ. "ಈ ತೋಳು ಇನ್ನು ಸೂಜಿ ಹಿಡಿಯೋಕೆ ಮಾತ್ರ."

ಜೊತೆಯಲ್ಲಿದ್ದ ನಾದಿನಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಊರವರ ಮೂಗಿನ ಮೇಲೆಲ್ಲ ಫ್ರೇಮು ನೆಟ್ಟಗೆ ಕೂರಿಸಿ ಕೂರಿಸಿ, ಎಲ್ಲೇ ಓರೆ ಕಂಡರೂ ಅವಳ ಕಣ್ಣು ಅಲ್ಲೇ ನೆಡುತ್ತಿತ್ತು.

"ಅತ್ತಿಗೆ, ತೋಳನ್ನ ಆಮೇಲೆ ಬೈಯೋರಂತೆ. ನಿಮ್ಮ ಹಾಯಿಕಂಬ ಯಾಕೆ ಉಂಡು ಕುರ್ಚಿಗೆ ಒರಗಿದವರ ಥರ ಹಿಂದಕ್ಕೆ ಬಿದ್ಕೊಂಡಿದೆ?"

"ಬಾಯಿಗೆ ಬಂದಿದ್ದು ಅನ್ಬೇಡ. ಕಂಬವನ್ನ ಎಳೆದು ಹಿಡಿಯೋ ಮುಂದಿನ ತಂತಿ ಹೊಸದು, ನಾನೇ ಅಳತೆ ಕೊಟ್ಟು ಮಾಡಿಸಿದ್ದು."

"ಅದಕ್ಕೇ ನನಗೆ ಅನುಮಾನ."

ನಾದಿನಿ ಹಾಯಿ ಏರಿಸುವ ಹಗ್ಗಕ್ಕೆ ನೀರು ತುಂಬಿದ ಬಕೆಟ್ಟು ಕಟ್ಟಿ, ಕಂಬದ ತುದಿಯಿಂದ ಇಳಿಬಿಟ್ಟಳು. ಬುಡದ ಹತ್ತಿರವೇ ತೂಗಬೇಕಾದ ಬಕೆಟ್ಟು ಒಂದು ಮೊಳ ಹಿಂದೆ ತೂಗಿತು. ಕಂಬ ಅಷ್ಟು ವಾಲಿದರೆ ಗಾಳಿಯ ಒತ್ತಡವೂ ಹಿಂದಕ್ಕೆ ಸರಿಯುತ್ತದೆ. ದೋಣಿಯ ಹಿಂಬದಿಯನ್ನು ಗಾಳಿ ಆಚೆ ತಳ್ಳಿದಾಗ ಮೂತಿ ಈಚೆ ತಿರುಗದೆ ಇನ್ನೇನು? ದೋಣಿಯ ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಹಳೆಯ ತಂತಿಯನ್ನು ಹೊಸದರ ಪಕ್ಕಕ್ಕೆ ಹಿಡಿದು ನೋಡಿದರು. ಹೊಸದು ಹಳೆಯದಕ್ಕಿಂತ ಮೂರು ಅಂಗುಲ ಹೆಚ್ಚು ಉದ್ದ.

ಅತ್ತಿಗೆ ಹಳೆಯ ತಂತಿಯನ್ನು ಮತ್ತೆ ಸುರುಳಿ ಸುತ್ತಿಟ್ಟಳು. ಆಮೇಲೆ ಮೆಲ್ಲಗೆ, "ಹೊಲಿಗೆಗೆ ಅಂತ ಬಿಟ್ಟೆ ಕಣೇ," ಎಂದಳು.

"ಏನಂದ್ರಿ?"

"ಯಾವ ಅಳತೆ ಹೇಳಿದ್ರೂ ಒಳಮಡಿಕೆಗೆ ಒಂದಿಷ್ಟು ಸೇರಿಸಿ ಹೇಳೋದು ನನ್ನ ರೂಢಿ. ಬಾಯಿ ತಾನಾಗೇ ಹೇಳಿಬಿಡ್ತು."

"ಸದ್ಯ, ಗುಂಡಿಗೆ ಕಾಜಾ ಇಡಿಸಲಿಲ್ಲವಲ್ಲ!" ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತಿಗೆಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಲತೋಳನ್ನು ಒಮ್ಮೆ ಎತ್ತಿ ಇಳಿಸಿ ನೋಡಿಕೊಂಡಳು.

ಕಂಬವನ್ನು ಅಕ್ಕಪಕ್ಕದಿಂದ ಹಿಡಿದಿದ್ದ ತಂತಿಗಳನ್ನು ಸಡಿಲಿಸಿ, ಮುಂದಿನದರ ಬುಡದ ತಿರುಪನ್ನು ಬಿಗಿಯುತ್ತ ಹೋದರು. ಕಂಬ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎದ್ದು ನಿಂತಿತು. ನಾದಿನಿ ಇನ್ನೂ ತಿರುವಲು ಹೊರಟಾಗ ಅತ್ತಿಗೆ ಅವಳ ಕೈ ಹಿಡಿದಳು.

"ಸಾಕು ಬಿಡು. ದೋಣಿ ಗಾಳಿ ಕಡೆಗೆ ಚೂರು ಎಳೀತಾ ಇರ್ಲಿ. ನಾನು ಕೈ ಬಿಟ್ರೆ ಇದು ತಾನೇ ಗಾಳಿಗೆ ಮುಖ ಕೊಟ್ಟು ನಿಲ್ಲಬೇಕು, ಎತ್ತಲೋ ಓಡಿ ಹೋಗಬಾರದು."

ಪಕ್ಕದ ತಂತಿಗಳನ್ನು ಮತ್ತೆ ಬಿಗಿದು, ಹಾಯಿ ಏರಿಸಿ ಹೊರಟರು. ದಡದಿಂದ ಆಚೆ ಹೋದಂತೆ ಗಾಳಿ ಬಲವಾಯಿತು, ದೋಣಿ ಒಂದು ಮಗ್ಗುಲಿಗೆ ವಾಲಿತು. ಮುಂದೆ ಕುಳಿತಿದ್ದ ನಾದಿನಿ ಹೆದರಿಕೆಯಿಂದಲೇ ಹಿಂತಿರುಗಿ ನೋಡಿದಳು. ಅತ್ತಿಗೆಯ ಎಡಗೈ ಮಡಿಲಲ್ಲಿತ್ತು. ಚುಕ್ಕಾಣಿ ಬಲಗೈಯಲ್ಲಿತ್ತು.

"ಅತ್ತಿಗೇ, ತೋಳು ಹೇಗಿದೆ? ಎಷ್ಟು ಬಲ ಹಾಕಬೇಕು?"

ಗಾಳಿಯ ಸದ್ದನ್ನೂ ಮೀರಿ ಉತ್ತರ ಬಂತು:

"ಎರಡು ಬೆರಳು!"