ಬಾರದ ಹಕ್ಕಿಯನ್ನು ಬರೆಯದವರು

ಎಣಿಸುವಾಗ ಅವರ ತುಟಿ ಅಲುಗುತ್ತಿರಲಿಲ್ಲ. ಬಲಗೈಯ ಹೆಬ್ಬೆರಳೊಂದೇ ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಸರಸರನೆ ಓಡುತ್ತಿತ್ತು. ಬೆಳ್ತಂಗಡಿ–ಮೂಡುಬಿದಿರೆ ಬಸ್ಸಿನಲ್ಲಿ ಮೂವತ್ತು ವರ್ಷ ಜನರ ತಲೆ ಎಣಿಸಿದ ಬೆರಳು ಅದು. ನಿವೃತ್ತರಾದ ಮೇಲೂ ನಮಗೆಲ್ಲ ಅವರು ಕಂಡಕ್ಟರೇ.

ಮಳೆ ಹಿಂದೆ ಸರಿದು ದಸರಾ ರಜೆ ಬರುವ ಹೊತ್ತಿಗೆ ಕಡಲಂಚಿನ ಅಳಿವೆಯ ಪಕ್ಷಿಧಾಮದಲ್ಲಿ ವಲಸೆ ಹಕ್ಕಿಗಳ ಗಣತಿ. ಬಂಟ್ವಾಳದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಮೊದಲ ಸಲ ಹೋದಾಗ ನನ್ನನ್ನು ಅವರ ಜೊತೆಗೆ ಹಾಕಿದರು. ಕೆಸರಿನಲ್ಲಿ ಕೊಕ್ಕೂರಿ ನಿಂತಿದ್ದ ಗೊರವಗಳ ಗುಂಪನ್ನು ನೋಡಿ, "ಸುಮಾರು ಇನ್ನೂರು" ಎಂದೆ.

ದುರ್ಬೀನು ಇಳಿಸದೆಯೇ ಹೇಳಿದರು: "ಟೀಚರೇ, ಸುಮಾರು ಅಂತ ಹಕ್ಕಿ ಇಲ್ಲ. ಪುನಃ ಎಣಿಸುವ."

ಆ ಬೆಳಿಗ್ಗೆ ನಾಲ್ಕು ಸಲ ಎಣಿಸಿದೆ. ಆಮೇಲೆ ಅವರು ಮನೆಯಿಂದ ತಂದ ಅಕ್ಕಿಕಡುಬು ಪುಂಡಿಯಲ್ಲಿ ನನಗೂ ಪಾಲು ಸಿಕ್ಕಿತು.

ಮೂರನೆಯ ವರ್ಷ ಪಕ್ಷಿಧಾಮದೊಳಗೆ ಪ್ರವಾಸಿಗರ ಮೋಟಾರು ದೋಣಿ ಬಿಟ್ಟರು. ನೀರಿಳಿದು ಕೆಸರು ತೆರೆದುಕೊಳ್ಳುವ ಹೊತ್ತಿಗೇ ಅವುಗಳ ಅಬ್ಬರ. ಹಕ್ಕಿಗಳು ಇಳಿಯಲು ನೋಡಿ ನೋಡಿ ಹಾರಿಹೋದವು. ಹಿಂದಿನ ವರ್ಷದ ಅರ್ಧವೂ ಸಿಗಲಿಲ್ಲ. ಪಕ್ಷಿಧಾಮದ ಸಾಹೇಬರು ಹಾಳೆ ನೋಡಿ ಮುಖ ಗಂಟಿಕ್ಕಿದರು.

"ಹೋದ ವರ್ಷದ್ದನ್ನೇ ಬರೆಯಿರಿ. ನಿಮಗೆ ಪ್ರಾಯ ಆಯಿತು, ಕಣ್ಣಿಗೆ ಬಿದ್ದಿರಲಿಕ್ಕಿಲ್ಲ."

"ಕಣ್ಣು ಸರಿ ಉಂಟು ಸಾರ್. ಬಾರದ ಹಕ್ಕಿಯನ್ನು ಬಂತು ಅಂತ ಬರೆಯಲಿಕ್ಕೆ ನನ್ನಿಂದಾಗುವುದಿಲ್ಲ."

"ನೀವು ಎಷ್ಟು ಓದಿದ್ದು?" ಸಾಹೇಬರು ಎಲ್ಲರೆದುರು ಕೇಳಿದರು.

"ಎಂಟನೇ ಕ್ಲಾಸು. ಎಣಿಸಲಿಕ್ಕೆ ಒಂದನೇ ಕ್ಲಾಸಿನಲ್ಲೇ ಕಲಿಸಿದ್ದಾರೆ."

ಯಾರೋ ನಕ್ಕರು. ಎಂ.ಎಸ್ಸಿ. ಮಾಡಿದ ನಾನು ತಲೆ ತಗ್ಗಿಸಿ ಕುಳಿತಿದ್ದೆ.

ಮರುವರ್ಷ ಗಣತಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಗೇಟಿನಲ್ಲೇ ತಡೆದರು. ಅವರು ಜಗಳಕ್ಕೆ ನಿಲ್ಲಲಿಲ್ಲ. ಹೊರಗಿನ ಸೇತುವೆಯ ಮೇಲೆ ಬಿಸಿಲಿನಲ್ಲಿ ನಿಂತು ಎಣಿಸಿದರು. ಆಮೇಲೆ ಪ್ರತಿವರ್ಷವೂ ಅಲ್ಲೇ, ಕೊನೆಕೊನೆಗೆ ಮಂಡಿನೋವಿಗೆ ಕಂಬಿ ಹಿಡಿದುಕೊಂಡು.

ಹೋದ ಮಳೆಗಾಲ, ಆಟಿ ತಿಂಗಳಲ್ಲಿ ತೀರಿಕೊಂಡರು. ಈ ಸಲದ ಗಣತಿಯ ದಿನ ಅದೇ ಸಾಹೇಬರು ಮೈಕ್ ಹಿಡಿದು, "ಅವರು ನಮ್ಮ ಪಕ್ಷಿಧಾಮದ ಹೆಮ್ಮೆ" ಎಂದರು. ಒಂದು ನಿಮಿಷ ಮೌನ ಮಾಡಿಸಿದರು. ಹೆಮ್ಮೆಯಂತೆ! ಒಳಗೆ ಕಾಲಿಡಲು ಬಿಡದವರು ಆಡುವ ಮಾತೇ ಇದು? ನನ್ನ ಮೈ ಉರಿದುಹೋಯಿತು. ಮೌನ ಮುಗಿದದ್ದೇ ಎದ್ದು ನಿಂತೆ. ಕಂಡಕ್ಟರ ಹೆಂಡತಿ ನನ್ನ ಕೈಗಿತ್ತಿದ್ದ ಲೆಕ್ಕದ ಪುಸ್ತಕ ತೆರೆದು, ಅವರು ಸೇತುವೆಯ ಮೇಲೆ ನಿಂತು ಬರೆದುದನ್ನೆಲ್ಲ ವರ್ಷವರ್ಷದ್ದೂ ಓದಿದೆ.

"ಸಾಕು ಮೇಡಂ" ಎಂದರು ಸಾಹೇಬರು.

"ಇನ್ನೂ ಉಂಟು" ಎಂದೆ. ಕೊನೆಯ ಪುಟದವರೆಗೂ ಓದಿದೆ.

ದೋಣಿಗಳು ಈಗಲೂ ಓಡುತ್ತಿವೆ. ಸಾಹೇಬರ ಮೇಲಿನ ಸಿಟ್ಟು ಹೇಗೂ ಇದ್ದದ್ದೇ; ಅದಕ್ಕಿಂತ ಹೆಚ್ಚಿನದು ನನ್ನ ಮೇಲೆ. ನಾನು ಬಾಯಿ ಬಿಡಬೇಕಾದದ್ದು ಕಂಡಕ್ಟರು ಕೇಳಿಸಿಕೊಳ್ಳುವಂತಿದ್ದಾಗ.