ಗಾಳದ ಕೋಲಿನ ಅಂಕಲ್

ಪಾರ್ಸಿಪನಿ ಎಂಬ ಅಮೆರಿಕನ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಅಂಕಲ್, ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನು ಹಿಡಿಯುವ ಗಿಡ್ಡ ಕೋಲುಗಳನ್ನು ಗ್ಯಾರೇಜಿನಲ್ಲಿ ತಾವೇ ಕಟ್ಟುತ್ತಿದ್ದರು. ನನ್ನ ಕೋಲಿನಲ್ಲಿ ದಾರ ಹಾಯುವ ಉಂಗುರಗಳನ್ನು ಬದಲಿಸಬೇಕಿತ್ತು. ನಾನು ಚಂದ ಕಂಡ ಸಣ್ಣ ಉಂಗುರಗಳಿಗೆ ಕೈಹಾಕಿದೆ. ಅಂಕಲ್ ಒಂದನ್ನು ಕಿರುಬೆರಳಿಗೆ ತೊಡಿಸಿ ನೋಡಿದರು.

"ಅರ್ಜೆಂಟ್ ಮಾಡ್ಬೇಡ ಮಾರಾಯ. ಇದ್ರಲ್ಲಿ ಐಸ್ ಕಟ್ತದೆ, ದೊಡ್ಡದೇ ಹಾಕುವ."

ಎಲ್ಲದಕ್ಕೂ ಅವರದು ಅದೇ ಮಾತು.

ಆ ಶನಿವಾರ ಇಬ್ಬರೂ ಕೆರೆಯ ನಡುವೆ ಕೂತಿದ್ದಾಗ ಮಂಜುಗಡ್ಡೆ ಗುಂಡು ಹಾರಿದಂತೆ ಸಿಡಿದು, ಬಿರುಕು ನನ್ನ ಕಾಲುಗಳ ನಡುವೆಯೇ ಓಡಿತು. ನಾನು ದಡಕ್ಕನೆ ಎದ್ದೆ.

"ಅರ್ಜೆಂಟ್ ಮಾಡ್ಬೇಡ! ಕೋಲು ಬಿಡು, ಹೊಟ್ಟೆ ಮೇಲೆ ಮಲಗು!"

ನೀರು ಜಿನುಗುತ್ತಿದ್ದ ಗಡ್ಡೆಯ ಮೇಲೆ, ಉಸಿರು ಬಿಗಿಹಿಡಿದು, ಅವರ ಹಿಂದೆಯೇ ತೆವಳಿ ದಡ ಸೇರಿದೆ.

ಕಾರಿನ ಹತ್ತಿರ ಅವರ ಕೈಯಿಂದ ಕೀಲಿ ಎರಡು ಸಲ ಜಾರಿತು. ಕೊನೆಗೆ ನನಗೇ ಕೊಟ್ಟರು.

"ನೀನೇ ಡ್ರೈವ್ ಮಾಡು. ನನಗೆ ಈಜು ಬರುದಿಲ್ಲ."